ಪುಸ್ತಕದಿಂದ ವಾರ್ಡಿಗೆ ಎಷ್ಟು ದೂರ?



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನರ್ಸಿಂಗ್ ಓದುವ ಒಬ್ಬ ಹುಡುಗಿ ಇದ್ದೇ ಇರುತ್ತಾಳೆ. ನಾನು ಓದುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಹೀಗೆ ಹೇಳುವಂತಿರಲಿಲ್ಲ. "ಆಸ್ಪತ್ರೆ ಕೆಲಸವಾ? ನಮಗೆ ಬೇಡಪ್ಪ" ಎಂದು ಮೂಗು ಮುರಿಯುವವರೇ ಹೆಚ್ಚಾಗಿದ್ದರು. ಈಗ ಪಿಯುಸಿಯಲ್ಲಿ ವಿಜ್ಞಾನ ಮುಗಿಸಿದ ಮಗಳನ್ನು ಕರೆದುಕೊಂಡು ತಾಯಂದಿರೇ ಕಾಲೇಜಿನಿಂದ ಕಾಲೇಜಿಗೆ ಅಲೆಯುವುದನ್ನು ನೋಡುತ್ತಿದ್ದೇನೆ. ಸಂತೋಷದ ವಿಷಯ. ಸೀಟು, ಶುಲ್ಕ, ಹಾಸ್ಟೆಲು, ಬಸ್ಸು ಎಲ್ಲವನ್ನೂ ವಿಚಾರಿಸುತ್ತೇವೆ. ಆದರೆ ಆ ಮಗಳು ಪಾಸಾಗಿ, ಸಮವಸ್ತ್ರ ತೊಟ್ಟು, ಮೊದಲ ಬಾರಿಗೆ ರೋಗಿಯ ಮುಂದೆ ಒಬ್ಬಳೇ ನಿಂತಾಗ ಏನಾಗುತ್ತದೆ ಎಂಬುದರ ಬಗ್ಗೆ ನಾವು ಯಾರೂ ಮಾತನಾಡುವುದಿಲ್ಲ. ಈ ತಿಂಗಳು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಮೂರು ವರ್ಷಗಳ ಹಿಂದಿನ ಮಾತು. ಒಂದು ದಿನ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ನನ್ನ ಅಣ್ಣನ ಮಗಳು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದಳು. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದು ಪಾಸಾದವಳು. ನಗರದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ ಆರು ವಾರವಾಗಿತ್ತು. ನೈಟ್ ಡ್ಯೂಟಿ ಮುಗಿಸಿ ತನ್ನ ಮನೆಗೆ ಹೋಗದೆ ನೇರ ನನ್ನಲ್ಲಿಗೆ ಬಂದಿದ್ದಳು. ಚಹಾ ಕೊಟ್ಟೆ, ಮುಟ್ಟಲಿಲ್ಲ. "ಮಾಮಿ, ನಾನಿನ್ನು ಆ ಕೆಲಸಕ್ಕೆ ಹೋಗುವುದಿಲ್ಲ. ಉಪ್ಪನಿಗೆ ನೀವೇ ಹೇಳಿ" ಎಂದು ಅಳತೊಡಗಿದಳು.

ಸ್ವಲ್ಪ ಸಮಾಧಾನವಾದ ಮೇಲೆ ನಡೆದದ್ದನ್ನು ಹೇಳಿದಳು. ಹೆಂಗಸರ ಜನರಲ್ ವಾರ್ಡು. ಇಪ್ಪತ್ತನಾಲ್ಕು ರೋಗಿಗಳು, ರಾತ್ರಿಗೆ ಇಬ್ಬರೇ ನರ್ಸುಗಳು. ಬೆಳಗಿನ ಜಾವ ಒಬ್ಬ ರೋಗಿಗೆ ಉಸಿರಾಟದ ತೊಂದರೆಯಾಗಿ ಹಿರಿಯ ಸಿಸ್ಟರ್ ಆ ಕಡೆ ಓಡಿದರು. ಆರು ಗಂಟೆಯ ಇಂಜೆಕ್ಷನ್‌ಗಳೆಲ್ಲ ಇವಳ ಪಾಲಿಗೆ ಬಂದವು. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ವೃದ್ಧೆಯರಿದ್ದರು. ಒಬ್ಬರು ಒಂಬತ್ತನೇ ಬೆಡ್ಡಿನಲ್ಲಿ, ಇನ್ನೊಬ್ಬರು ಹದಿನಾಲ್ಕರಲ್ಲಿ. ಇವಳು ಹದಿನಾಲ್ಕರವರ ಇಂಜೆಕ್ಷನ್ ಹಿಡಿದು ಒಂಬತ್ತರ ಬಳಿ ಹೋದಳು. ಹೆಸರು ಹೇಳಿ, "ನೀವೇ ಅಲ್ವಾ ಉಮ್ಮ?" ಎಂದು ಕೇಳಿದಳು. ಅರೆನಿದ್ದೆಯಲ್ಲಿದ್ದ ಆ ಅಜ್ಜಿ "ಹೂಂ" ಎಂದರು. ಸಿರಿಂಜನ್ನು ಕ್ಯಾನುಲಾಕ್ಕೆ ಜೋಡಿಸಿಯೂ ಆಗಿತ್ತು. ಅಷ್ಟರಲ್ಲಿ ಮರಳಿ ಬಂದ ಹಿರಿಯ ಸಿಸ್ಟರ್ ಟ್ರಾಲಿಯ ಮೇಲಿದ್ದ ಫೈಲು ನೋಡಿ ಇವಳ ಕೈ ಹಿಡಿದರು. "ಕೈಪಟ್ಟಿಯ ನಂಬರ್ ನೋಡಿದೆಯಾ?" ಎಂದಷ್ಟೇ ಕೇಳಿದರು. ಆ ಇಂಜೆಕ್ಷನ್ ಪೆನಿಸಿಲಿನ್ ಜಾತಿಯದ್ದು. ಒಂಬತ್ತನೇ ಬೆಡ್ಡಿನ ಅಜ್ಜಿಯ ಫೈಲಿನ ಮೇಲೆ ಪೆನಿಸಿಲಿನ್ ಅಲರ್ಜಿ ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಏನಾಗಬಹುದಿತ್ತು ಎಂಬುದು ಆ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಅಲರ್ಜಿ ಇರುವವರ ರಕ್ತನಾಳಕ್ಕೆ ಆ ಔಷಧಿ ಸೇರಿದರೆ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿದು ಉಸಿರು ಕಟ್ಟಬಹುದು.

"ಇದನ್ನೆಲ್ಲ ಕಾಲೇಜಿನಲ್ಲಿ ಹೇಳಿಕೊಡಲಿಲ್ಲವೇ?" ಎಂದು ಕೇಳಿದೆ. ಅವಳು ತಲೆಯೆತ್ತಿ ನೋಡಿದಳು. "ಹೇಳಿಕೊಟ್ಟಿದ್ದಾರೆ ಮಾಮಿ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಮಾರ್ಕು ತೆಗೆದಿದ್ದೇನೆ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಹೆಸರನ್ನು ನಾವು ಹೇಳಬಾರದು, ರೋಗಿಯ ಬಾಯಿಂದಲೇ ಹೇಳಿಸಬೇಕು. ಹೆಸರಿನ ಜೊತೆ ಐ.ಪಿ. ನಂಬರನ್ನೂ ತಾಳೆ ನೋಡಬೇಕು. ಎಲ್ಲ ಗೊತ್ತಿತ್ತು. ಆ ಹೊತ್ತಿಗೆ ಮಾತ್ರ ಯಾವುದೂ ಕೈಗೆ ಬರಲಿಲ್ಲ."

ಸಹೋದರಿಯರೇ, ಅವಳ ಆ ಕೊನೆಯ ಮಾತು ನನ್ನನ್ನು ಬಹಳ ಹಿಂದಕ್ಕೆ ಕರೆದೊಯ್ದಿತು.

ಗೊತ್ತಿರುವುದು ಬೇರೆ, ಕೈಗೆ ಬರುವುದು ಬೇರೆ

ನಾನು ಮದ್ರಸದಲ್ಲಿ ಕಲಿಯುವಾಗ ಮಯ್ಯಿತ್ ಸ್ನಾನದ ಪಾಠ ನನಗೆ ಬಾಯಿಪಾಠವಾಗಿತ್ತು. ಬಲಭಾಗದಿಂದ ಆರಂಭಿಸಬೇಕು, ಬೆಸ ಸಂಖ್ಯೆಯಲ್ಲಿ ತೊಳೆಯಬೇಕು, ಕೊನೆಯ ನೀರಿಗೆ ಕರ್ಪೂರ ಬೆರೆಸಬೇಕು, ಮೈ ಮುಚ್ಚಿಯೇ ಇರಬೇಕು. ಪರೀಕ್ಷೆಯಲ್ಲಿ ಒಂದು ಅಂಕವೂ ಕಡಿಮೆಯಾಗಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಊರಿನ ಒಬ್ಬ ತಾಯಿ ತೀರಿಕೊಂಡಾಗ "ಕಲಿತವಳಲ್ಲವೇ, ನೀನೇ ಬಾ" ಎಂದು ಕರೆದರು. ಒಳಗೆ ಹೋದೆ. ತಣ್ಣಗಾದ ಆ ಕೈಯನ್ನು ಮುಟ್ಟಿದ ತಕ್ಷಣ ನನಗೆ ಒಂದಕ್ಷರವೂ ನೆನಪಿಗೆ ಬರಲಿಲ್ಲ. ತಂಬಿಗೆ ಹಿಡಿದು ನಿಂತೇ ಇದ್ದೆ.

ಅಲ್ಲಿ ಒಬ್ಬ ವೃದ್ಧೆ ಇದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳದಂತೆ, "ಮೊದಲು ನೀರಿನ ಬಿಸಿ ನೋಡು ಮಗಳೇ. ಬದುಕಿದ್ದಾಗ ನೋವಾಗುವಷ್ಟು ಬಿಸಿ ಈಗಲೂ ಬೇಡ" ಎಂದರು. ಆಮೇಲೆ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. ಆ ಒಂದು ಗಂಟೆಯಲ್ಲಿ ಕಲಿತದ್ದು ಇಂದಿಗೂ ಮರೆತಿಲ್ಲ. ಕಿತಾಬು ಸುಳ್ಳಾಗಿರಲಿಲ್ಲ. ಆದರೆ ಕಿತಾಬಿನಿಂದ ಕೈಗೆ ದಾಟಿಸಲು ಪಕ್ಕದಲ್ಲಿ ಒಬ್ಬರು ಬೇಕಾಗಿತ್ತು.

ನರ್ಸಿಂಗ್ ಕೂಡಾ ಹೀಗೆಯೇ. ಅಮೇರಿಕಾದ ಮಾರ್ಲಿನ್ ಕ್ರೇಮರ್ ಎಂಬ ನರ್ಸಿಂಗ್ ಸಂಶೋಧಕಿ 1974ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದರು. 'ರಿಯಾಲಿಟಿ ಶಾಕ್' ಎಂದು ಅದರ ಹೆಸರು. ವಾಸ್ತವ ಕೊಡುವ ಆಘಾತ ಎನ್ನಬಹುದು. ಶಾಲೆ ಕಲಿಸಿದ ಆದರ್ಶವನ್ನು ಹೊತ್ತುಕೊಂಡು ಬಂದ ಹೊಸ ನರ್ಸು ವಾರ್ಡಿನ ವೇಗ, ಗದ್ದಲ, ಬೈಗುಳ ನೋಡಿ ತತ್ತರಿಸುತ್ತಾಳೆ. ಮೊದಲ ಕೆಲವು ವಾರ ಎಲ್ಲ ಹೊಸದು, ಎಲ್ಲ ಚೆಂದ. ಆಮೇಲೆ ಆಘಾತ. ಅದನ್ನು ದಾಟಿದವರು ನಿಧಾನವಾಗಿ ಚೇತರಿಸಿಕೊಂಡು ಒಂದು ದಾರಿ ಕಂಡುಕೊಳ್ಳುತ್ತಾರೆ. ದಾಟಲಾಗದವರು ಕೆಲಸ ಬಿಡುತ್ತಾರೆ. ಅವರ ಪುಸ್ತಕದ ಉಪಶೀರ್ಷಿಕೆಯೇ ನರ್ಸುಗಳು ನರ್ಸಿಂಗನ್ನು ಏಕೆ ಬಿಡುತ್ತಾರೆ ಎಂಬ ಅರ್ಥದ್ದು. ಅಂದರೆ ನನ್ನ ಅಣ್ಣನ ಮಗಳು ಆ ದಿನ ಅತ್ತದ್ದು ಅವಳೊಬ್ಬಳ ದೌರ್ಬಲ್ಯವಲ್ಲ. ಐವತ್ತು ವರ್ಷಗಳ ಹಿಂದೆಯೇ, ಎಷ್ಟೋ ಸೌಲಭ್ಯಗಳಿರುವ ದೇಶದಲ್ಲೇ ಕಂಡುಕೊಂಡ ಸಮಸ್ಯೆ ಇದು.

ಅಂತರ ಹುಟ್ಟಿದ್ದು ಹೇಗೆ?

ಹಿಂದೆ ನರ್ಸಿಂಗ್ ಕಲಿಕೆ ಆಸ್ಪತ್ರೆಯ ಒಳಗೇ ಇತ್ತು. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ಶಾಲೆ ಆರಂಭವಾದದ್ದು 1860ರಲ್ಲಿ, ಲಂಡನ್ನಿನ ಸೈಂಟ್ ಥಾಮಸ್ ಆಸ್ಪತ್ರೆಯಲ್ಲಿ. ಅಲ್ಲಿ ಹುಡುಗಿಯರು ಒಂದು ವರ್ಷ ವಾರ್ಡಿನಲ್ಲೇ, ವಾರ್ಡ್ ಸಿಸ್ಟರುಗಳ ಕೈಕೆಳಗೆ ಕಲಿಯುತ್ತಿದ್ದರು. ಈ ಪದ್ಧತಿ ಲೋಕದ ಹಲವು ಕಡೆ ಹಬ್ಬಿತು. ಅದರಲ್ಲಿ ದೋಷವೂ ಇತ್ತು. ಕಲಿಯಲು ಬಂದವಳನ್ನು ಕಡಿಮೆ ಖರ್ಚಿನ ಕೆಲಸದಾಳಿನಂತೆ ದುಡಿಸಿಕೊಂಡದ್ದುಂಟು. ಏಕೆ ಮಾಡುತ್ತಿದ್ದೇನೆ ಎಂದು ತಿಳಿಯದೆಯೇ ಮಾಡುವ ಕೈಗಳು ತಯಾರಾದದ್ದುಂಟು.

ಆದ್ದರಿಂದ ನರ್ಸಿಂಗ್ ಕಾಲೇಜಿಗೆ ಬಂತು. ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಅದು ಒಳ್ಳೆಯ ಹೆಜ್ಜೆಯೇ. ಶರೀರಶಾಸ್ತ್ರ, ಔಷಧಶಾಸ್ತ್ರ, ಮನಶ್ಶಾಸ್ತ್ರ ತಿಳಿದ ನರ್ಸು ಇಂದು ವೈದ್ಯರ ತಪ್ಪನ್ನೂ ಗುರುತಿಸಬಲ್ಲಳು. ಆದರೆ ಕಾಲಕ್ರಮೇಣ ಕಾಲೇಜು ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ ಎಂಬಂತಾಯಿತು. ಕಾಲೇಜಿನಲ್ಲಿ ಪಾಠ ಮಾಡುವವರಿಗೆ ವಾರ್ಡಿನ ಅಭ್ಯಾಸ ತಪ್ಪಿರುತ್ತದೆ. ವಾರ್ಡಿನಲ್ಲಿ ದುಡಿಯುವವರಿಗೆ ಕಲಿಸಲು ಪುರುಸೊತ್ತಿಲ್ಲ. ನಡುವೆ ವಿದ್ಯಾರ್ಥಿನಿ. ಕಾಲೇಜಿನವರು "ವಾರ್ಡಿನಲ್ಲಿ ಕಲಿತುಕೊಳ್ಳುತ್ತೀರಿ" ಎನ್ನುತ್ತಾರೆ. ವಾರ್ಡಿನವರು "ಕಾಲೇಜಿನಲ್ಲಿ ಕಲಿಸಲಿಲ್ಲವಾ?" ಎನ್ನುತ್ತಾರೆ.

ವಾರ್ಡಿಗೆ ಬಂದ ವಿದ್ಯಾರ್ಥಿನಿಯರು ಏನು ಮಾಡುತ್ತಾರೆ ಎಂದು ನೀವು ರೋಗಿಯಾಗಿದ್ದಾಗ ಗಮನಿಸಿದ್ದೀರಾ? ಹತ್ತು ಹನ್ನೆರಡು ಮಂದಿ ಒಂದೇ ಮಂಚದ ಸುತ್ತ ನಿಂತಿರುತ್ತಾರೆ. ಒಬ್ಬಳು ಬಿ.ಪಿ. ನೋಡುತ್ತಾಳೆ, ಉಳಿದವರು ಬರೆದುಕೊಳ್ಳುತ್ತಾರೆ. ಅಥವಾ ಬೆಳಿಗ್ಗೆಯಿಂದ ಜ್ವರದ ಚಾರ್ಟು ತುಂಬುವುದು, ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು. ಅದೂ ಬೇಕಾದ ಕೆಲಸವೇ. ಆದರೆ ಆರು ರೋಗಿಗಳಿದ್ದಾಗ ಮೊದಲು ಯಾರ ಬಳಿ ಹೋಗಬೇಕು ಎಂಬುದನ್ನು ಅದು ಕಲಿಸುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 500 ಮಿಲಿಲೀಟರಿನ ಗ್ಲೂಕೋಸ್ ಬಾಟಲಿಯನ್ನು ನಾಲ್ಕು ಗಂಟೆಯಲ್ಲಿ ಮುಗಿಸಬೇಕು, ಒಂದು ಮಿಲಿಲೀಟರಿಗೆ 20 ಹನಿ ಬೀಳುವ ನಳಿಕೆ. ನಿಮಿಷಕ್ಕೆ ಎಷ್ಟು ಹನಿ? ಲೆಕ್ಕ ಮಾಡಿದರೆ ಸುಮಾರು 42. ಪರೀಕ್ಷೆಯಲ್ಲಿ ಇದು ಎರಡು ನಿಮಿಷದ ಕೆಲಸ. ವಾರ್ಡಿನಲ್ಲಿ ಏಕಕಾಲಕ್ಕೆ ಆರು ಬಾಟಲಿಗಳು ಓಡುತ್ತಿರುತ್ತವೆ. ಒಬ್ಬರು ಕೈ ಮಡಚಿದ್ದಾರೆ, ಹನಿ ನಿಂತಿದೆ. ಇನ್ನೊಬ್ಬರ ಕೈ ಊದಿಕೊಂಡಿದೆ, ಸೂಜಿ ನಾಳದಿಂದ ಹೊರಬಂದಿದೆ. ಮತ್ತೊಬ್ಬರ ಮನೆಯವರು ಬೇಗ ಮುಗಿಯಲಿ ಎಂದು ತಾವೇ ಚಕ್ರ ತಿರುಗಿಸಿದ್ದಾರೆ. ಲ್ಯಾಬಿನ ಪ್ಲಾಸ್ಟಿಕ್ ಕೈಯಲ್ಲಿ ಸೂಜಿ ಹಾಕಲು ಕಲಿತವಳಿಗೆ ಭೇದಿಯಾಗಿ ಸೊರಗಿದ ಮಗುವಿನ ನರ ಸಿಗುವುದಿಲ್ಲ. ಎರಡು ಸಲ ಚುಚ್ಚಿದ ಮೇಲೆ ಮಗುವಿನ ತಾಯಿ "ಗೊತ್ತಿರುವವರನ್ನು ಕಳಿಸಿ" ಎಂದು ಕೂಗುತ್ತಾಳೆ. ಆ ತಾಯಿಯದ್ದು ತಪ್ಪೆನ್ನುತ್ತೀರಾ? ಇಲ್ಲ. ಆ ಹುಡುಗಿಯದ್ದು? ಅವಳದ್ದೂ ಅಲ್ಲ.

ಭಾಷೆಯ ಮಾತನ್ನೂ ಹೇಳಬೇಕು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಮಂಗಳೂರಿನ ಒಂದು ವಾರ್ಡಿನಲ್ಲಾದರೋ ತುಳು, ಬ್ಯಾರಿ, ಕೊಂಕಣಿ, ಕನ್ನಡ, ಮಲಯಾಳ ಎಲ್ಲ ಕೇಳಿಸುತ್ತದೆ. ನಮ್ಮ ಹಿರಿಯ ಹೆಂಗಸರು ತಮ್ಮ ನೋವನ್ನು ಪುಸ್ತಕದ ಶಬ್ದಗಳಲ್ಲಿ ಹೇಳುವುದಿಲ್ಲ. "ಸ್ವಲ್ಪ ಗ್ಯಾಸ್ ಆಗಿದೆ, ಸುಸ್ತು" ಎನ್ನುತ್ತಾರೆ. ಹೃದಯಾಘಾತವಾದಾಗ ಎಲ್ಲರಿಗೂ ಎದೆ ಹಿಂಡುವ ನೋವು ಬರಬೇಕೆಂದಿಲ್ಲ. ಅದರಲ್ಲೂ ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಬರೀ ಸುಸ್ತು, ಬೆವರು, ಓಕರಿಕೆ, ಹೊಟ್ಟೆಯ ಮೇಲ್ಭಾಗದ ಉರಿಯಾಗಿ ಕಾಣಿಸಿಕೊಳ್ಳುವುದುಂಟು. ಹೊಸ ನರ್ಸು 'ಗ್ಯಾಸ್' ಎಂದು ಬರೆದು ಮುಂದೆ ಹೋಗಬಹುದು. ಹತ್ತು ವರ್ಷ ದುಡಿದವಳು ಆ ಹಣೆಯ ಬೆವರು ನೋಡಿಯೇ ಇ.ಸಿ.ಜಿ. ಯಂತ್ರ ಎಳೆದು ತರುತ್ತಾಳೆ.

ಈ ವ್ಯತ್ಯಾಸದ ಬಗ್ಗೆ ಪೆಟ್ರೀಷಿಯಾ ಬೆನ್ನರ್ ಎಂಬ ಇನ್ನೊಬ್ಬ ನರ್ಸಿಂಗ್ ವಿದ್ವಾಂಸೆ 1984ರಲ್ಲಿ ಬರೆದಿದ್ದಾರೆ. ನರ್ಸು ಐದು ಹಂತಗಳಲ್ಲಿ ಬೆಳೆಯುತ್ತಾಳೆ ಎನ್ನುತ್ತಾರೆ. ಮೊದಲ ಹಂತದವಳು ನಿಯಮ ಹಿಡಿದು ನಡೆಯುತ್ತಾಳೆ. ಕೊನೆಯ ಹಂತದವಳಿಗೆ ರೋಗಿಯನ್ನು ನೋಡಿದೊಡನೆ ಯಾವುದು ಮುಖ್ಯ ಎಂದು ಹೊಳೆಯುತ್ತದೆ. ನಡುವಿನ ಹಂತವಾದ ಸಮರ್ಥಳಾಗುವುದಕ್ಕೇ ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕು ಎಂಬುದು ಅವರ ಮಾತು. ನಾವಾದರೋ ಆರನೇ ವಾರದಲ್ಲೇ ಎಲ್ಲವನ್ನೂ ಬಯಸುತ್ತೇವೆ.

ವಾರ್ಡು ಹೇಳುವುದೆಲ್ಲ ಸರಿಯಲ್ಲ

ಇಲ್ಲಿ ಒಂದು ಎಚ್ಚರಿಕೆ ಬೇಕು. "ಪುಸ್ತಕದ್ದೆಲ್ಲ ಇಲ್ಲಿ ನಡೆಯುವುದಿಲ್ಲ ಮಗಾ" ಎಂಬ ಮಾತನ್ನು ಹೊಸ ನರ್ಸುಗಳು ಮೊದಲ ದಿನವೇ ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಅಪಾಯವಿದೆ.

ಪುಸ್ತಕದಲ್ಲಿ ಹೇಳಿದ ಸಾಮಾನು ಸಿಗದಿದ್ದಾಗ ಇರುವುದರಲ್ಲೇ ಶುದ್ಧವಾಗಿ ಕೆಲಸ ಮಾಡುವುದನ್ನು ಕಲಿಯಬೇಕು. ಅದು ಜಾಣತನ. ಆದರೆ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಕೈ ತೊಳೆಯದೆ ಹೋಗುವುದು? 1847ರಲ್ಲೇ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಕೈ ತೊಳೆಯುವುದನ್ನು ಕಡ್ಡಾಯ ಮಾಡಿ ಬಾಣಂತಿಯರ ಸಾವನ್ನು ಬಹಳವಾಗಿ ತಗ್ಗಿಸಿ ತೋರಿಸಿದರು. ರೋಗಿಯನ್ನು ಮುಟ್ಟುವ ಮೊದಲು, ಶುದ್ಧವಾಗಿ ಮಾಡಬೇಕಾದ ಕೆಲಸಕ್ಕೆ ಮೊದಲು, ದೇಹದ ದ್ರವ ತಗಲಿದ ಸಂದರ್ಭದ ನಂತರ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲ ವಸ್ತುಗಳನ್ನು ಮುಟ್ಟಿದ ಮೇಲೆ. ಹೀಗೆ ಐದು ಸಂದರ್ಭಗಳಲ್ಲಿ ಕೈ ಶುಚಿಗೊಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರ್ಡಿನಲ್ಲಿ ಪುರುಸೊತ್ತಿಲ್ಲ ಎಂದು ಇದನ್ನು ಬಿಟ್ಟರೆ ತಪ್ಪು ಪುಸ್ತಕದ್ದಲ್ಲ, ವಾರ್ಡಿನದ್ದು. ಕಡಿಮೆ ನರ್ಸುಗಳನ್ನಿಟ್ಟು ಹೆಚ್ಚು ರೋಗಿಗಳನ್ನು ತುಂಬಿಸುವವರದ್ದು.

ಆದ್ದರಿಂದ ಅಂತರ ಎರಡು ಬಗೆಯದ್ದು. ಕೈ ಪಳಗದೆ ಇರುವುದರಿಂದ ಬರುವ ಅಂತರವನ್ನು ಹುಡುಗಿ ದಾಟಬೇಕು. ವಾರ್ಡು ಅಡ್ಡದಾರಿ ಹಿಡಿದುದರಿಂದ ಬರುವ ಅಂತರವನ್ನು ವಾರ್ಡೇ ದಾಟಬೇಕು. ಕ್ರೇಮರ್ ಅವರೂ ಹೇಳುವುದು ಇದನ್ನೇ. ಕಲಿತ ಮೌಲ್ಯವನ್ನು ಬಿಟ್ಟು ವಾರ್ಡಿನಂತಾಗುವುದೂ ಸೋಲು, ಮೌಲ್ಯ ಹಿಡಿದು ಕೆಲಸ ಬಿಟ್ಟು ಓಡುವುದೂ ಸೋಲು. ಎರಡೂ ಲೋಕದ ಭಾಷೆ ಬಲ್ಲವಳೇ ಉಳಿಯುತ್ತಾಳೆ, ರೋಗಿಯನ್ನೂ ಉಳಿಸುತ್ತಾಳೆ.

ಸರಕಾರದ ಮಟ್ಟದಲ್ಲಿ ಪ್ರಯತ್ನ ನಡೆದಿಲ್ಲವೆಂದಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಸೆಮಿಸ್ಟರ್ ಪದ್ಧತಿಗೆ ಬದಲಾಯಿಸಿ, ಕೊನೆಯ ಸೆಮಿಸ್ಟರಿನಲ್ಲಿ 22 ವಾರಗಳನ್ನು ಪೂರ್ತಿಯಾಗಿ ಆಸ್ಪತ್ರೆಯ ಕೆಲಸಕ್ಕೇ ಮೀಸಲಿಟ್ಟಿತು. ಮೂರು ವರ್ಷದ ಜಿ.ಎನ್.ಎಂ. ಕೋರ್ಸಿನಲ್ಲೂ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್ ಇದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಆ ವಾರಗಳಲ್ಲಿ ಹುಡುಗಿಯ ಪಕ್ಕದಲ್ಲಿ ಕಲಿಸುವವರು ನಿಂತರೆ ಅದು ಕಲಿಕೆ. ಯಾರೂ ನಿಲ್ಲದಿದ್ದರೆ ಸಂಬಳವಿಲ್ಲದ ದುಡಿಮೆ, ಅಷ್ಟೇ.

ನಮ್ಮಿಂದ ಏನಾಗಬೇಕು?

"ಇದೆಲ್ಲ ಕಾಲೇಜಿನವರ, ಆಸ್ಪತ್ರೆಯವರ ವಿಷಯ. ಮನೆಯಲ್ಲಿರುವ ನಾವೇನು ಮಾಡಲಿಕ್ಕಾಗುತ್ತದೆ?" ಎಂದು ನೀವು ಕೇಳಬಹುದು. ನಮ್ಮ ಪಾಲೂ ಇದೆ ಸಹೋದರಿಯರೇ, ಸ್ವಲ್ಪ ಹೆಚ್ಚೇ ಇದೆ.

ಮೊದಲನೆಯದು, ಕಾಲೇಜಿನ ಆಯ್ಕೆ. ಕಟ್ಟಡ ನೋಡಿ ಮರುಳಾಗಬೇಡಿ. ಮಕ್ಕಳು ಯಾವ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ಎಷ್ಟು ಹಾಸಿಗೆಗಳಿವೆ, ಅವುಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ವಾರ್ಡಿಗೆ ಕಾಲೇಜಿನ ಟೀಚರುಗಳು ಜೊತೆಗೆ ಬರುತ್ತಾರೆಯೇ, ಒಬ್ಬ ಟೀಚರಿಗೆ ಎಷ್ಟು ವಿದ್ಯಾರ್ಥಿನಿಯರು ಎಂದು ಕೇಳಿ. ಕೊನೆಯ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಹಿಡಿದು "ನೀನು ಸ್ವತಃ ಎಷ್ಟು ಸಲ ಡ್ರಿಪ್ ಹಾಕಿದ್ದೀ?" ಎಂದು ವಿಚಾರಿಸಿ. ಅವಳ ಉತ್ತರ ಕಾಲೇಜಿನ ಜಾಹೀರಾತಿಗಿಂತ ನಿಜ. "ಕ್ಲಾಸಿಗೆ ಬರಬೇಕೆಂದಿಲ್ಲ, ಹಾಜರಿ ನಾವು ನೋಡಿಕೊಳ್ಳುತ್ತೇವೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ಸರ್ಟಿಫಿಕೇಟು ಹಿಡಿದವಳ ಮುಂದೆ ನಾಳೆ ಮಲಗುವುದು ಯಾರದ್ದೋ ಉಮ್ಮ. ನಮ್ಮದೇ ಉಮ್ಮ ಆಗಬಾರದೆಂದೂ ಇಲ್ಲ.

ಎರಡನೆಯದು ಸ್ವಲ್ಪ ಕಹಿ ಮಾತು. ಮಗಳನ್ನು ನರ್ಸಿಂಗಿಗೆ ಸೇರಿಸುತ್ತೇವೆ. ಆದರೆ ರಾತ್ರಿ ಡ್ಯೂಟಿ ಬೇಡ, ಗಂಡಸರ ವಾರ್ಡು ಬೇಡ, ಕ್ಯಾಶುವಲ್ಟಿ ಬೇಡ ಎಂದು ಕಾಲೇಜಿಗೆ ಹೋಗಿ ಹೇಳಿ ಬರುತ್ತೇವೆ. ಸುರಕ್ಷತೆಯ ಚಿಂತೆ ನನಗೂ ಇದೆ. ರಾತ್ರಿ ಆಸ್ಪತ್ರೆಯ ವಾಹನ ಇದೆಯೇ, ವಿಶ್ರಾಂತಿಗೆ ಚಿಲಕವಿರುವ ಕೋಣೆ ಇದೆಯೇ, ಮೈ ಮುಚ್ಚುವ ಉಡುಪಿಗೆ ಅವಕಾಶವಿದೆಯೇ ಎಂದು ಕೇಳುವ ಹಕ್ಕು ನಮಗಿದೆ, ಕೇಳಲೇಬೇಕು. ಆದರೆ ಕಲಿಕೆಯನ್ನೇ ಕತ್ತರಿಸಿದರೆ ನಷ್ಟ ಯಾರಿಗೆ? ಇರುಳಿನಲ್ಲಿ ಯಾರೂ ಇಲ್ಲದಾಗ ನಿರ್ಧಾರ ತೆಗೆದುಕೊಳ್ಳುವುದನ್ನು ಇರುಳೇ ಕಲಿಸಬೇಕು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿ(ಸ)ಯವರ ಮಸೀದಿಯಲ್ಲಿ ರುಫೈದಾ(ರ)ರ ಡೇರೆಯಲ್ಲಿರಿಸಿ ಆರೈಕೆ ಮಾಡಲಾಗಿತ್ತು. ಈ ಹೆಸರನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಮ್ಮ ಮಗಳು ಗಾಯಾಳುಗಳ ಬಳಿಗೆ ಹೊರಟಾಗ ಮಾತ್ರ ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ. ಯೋಚಿಸಿ ನೋಡಿ.

ಮೂರನೆಯದು, ಮೊದಲ ಒಂದು ವರ್ಷ. ಕೆಲಸಕ್ಕೆ ಸೇರಿದ ಮಗಳು ಮನೆಗೆ ಬಂದು ಮೌನವಾಗಿದ್ದರೆ, ಸಣ್ಣದಕ್ಕೆ ಸಿಡುಕಿದರೆ, ನಿದ್ದೆಯಲ್ಲಿ ಬೆಚ್ಚಿದರೆ ಅದನ್ನು ಅಹಂಕಾರ ಎನ್ನಬೇಡಿ. ಅವಳು ಆ ದಿನ ಒಂದು ಸಾವನ್ನು ನೋಡಿರಬಹುದು. ನೈಟ್ ಮುಗಿಸಿ ಬಂದವಳಿಗೆ ಪಾತ್ರೆ ತೊಳೆಯಲು ಹೇಳುವ ಮೊದಲು ಮಲಗಲು ಬಿಡಿ. ತಪ್ಪಾಯಿತು ಎಂದು ಹೇಳಿಕೊಂಡರೆ ಬೈಯಬೇಡಿ. ತಪ್ಪನ್ನು ಮನೆಯಲ್ಲೂ ಹೇಳಲಾಗದವಳು ಆಸ್ಪತ್ರೆಯಲ್ಲಿ ಮುಚ್ಚಿಡಲು ಕಲಿಯುತ್ತಾಳೆ. ಮುಚ್ಚಿಟ್ಟ ತಪ್ಪು ರೋಗಿಯ ಜೀವಕ್ಕೆ ಬರುತ್ತದೆ. ನನ್ನ ಅಣ್ಣ ಆ ದಿನ "ಬಿಟ್ಟುಬಿಡಲಿ, ಒಳ್ಳೆಯ ಸಂಬಂಧ ನೋಡುತ್ತೇನೆ" ಎಂದರು. ನಾಲ್ಕು ವರ್ಷ ಓದಿಸಿದ್ದು ಇದಕ್ಕಾ ಎಂದು ನಾನು ಕೇಳಬೇಕಾಯಿತು.

ನಾಲ್ಕನೆಯದು, ನಾವು ರೋಗಿಗಳಾಗಿ, ರೋಗಿಯ ಮನೆಯವರಾಗಿ ಇರುವಾಗ. ಇಂಜೆಕ್ಷನ್ ತಂದ ನರ್ಸಿಗೆ ನಮ್ಮ ಹೆಸರನ್ನು ನಾವೇ ಪೂರ್ತಿಯಾಗಿ ಹೇಳೋಣ. ಕೈಪಟ್ಟಿ ಇರುವ ಕೈಯನ್ನು ಚಾಚೋಣ. "ಇದು ಯಾವ ಔಷಧಿ ಸಿಸ್ಟರ್?" ಎಂದು ಸೌಮ್ಯವಾಗಿ ಕೇಳೋಣ. ಯಾವ ಔಷಧಿ ಆಗುವುದಿಲ್ಲ ಎಂಬುದನ್ನು ಪ್ರತಿ ಸಲವೂ ನೆನಪಿಸೋಣ. ಡ್ರಿಪ್ಪಿನ ಚಕ್ರವನ್ನು ಎಂದೂ ಮುಟ್ಟಬಾರದು. ಬಾಟಲಿಯಲ್ಲಿ ಪೊಟ್ಯಾಸಿಯಂನಂಥ ಔಷಧಿ ಬೆರೆಸಿದ್ದರೆ ವೇಗವಾಗಿ ಹೋದಾಗ ಹೃದಯವೇ ನಿಲ್ಲಬಹುದು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಬರೀ ನೀರಿನಂಶ ಹೆಚ್ಚಾದರೂ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಹೊಸ ಹುಡುಗಿಗೆ ಒಮ್ಮೆ ನರ ಸಿಗದಿದ್ದರೆ ಕೂಗಾಡಬೇಡಿ. "ಅವಸರ ಬೇಡ ಮಗಳೇ, ದೊಡ್ಡ ಸಿಸ್ಟರನ್ನು ಬೇಕಾದರೆ ಕರಿ" ಎನ್ನಿ. ಕೂಗಿಗೆ ನಡುಗುವ ಕೈ ಮತ್ತೆ ತಪ್ಪುತ್ತದೆ. ಸಮಾಧಾನದ ಮಾತಿಗೆ ಅದೇ ಕೈ ನಿಲ್ಲುತ್ತದೆ.

ಈಗ ಆ ಹುಡುಗಿಯ ಕಥೆಗೆ ಬರೋಣ. ಎರಡು ದಿನ ರಜೆಯ ನಂತರ ಅವಳು ಮತ್ತೆ ಹೋದಳು. ಅವಳನ್ನು ಮರಳಿಸಿದ್ದು ನನ್ನ ಉಪದೇಶವಲ್ಲ. ಅವಳ ಕೈ ಹಿಡಿದು ನಿಲ್ಲಿಸಿದ ಅದೇ ಹಿರಿಯ ಸಿಸ್ಟರ್ ಮನೆಗೆ ಫೋನ್ ಮಾಡಿ, "ಮುಂದಿನ ವಾರ ಪೂರ್ತಿ ನನ್ನ ಜೊತೆ ನಿನ್ನ ಡ್ಯೂಟಿ ಹಾಕಿಸಿದ್ದೇನೆ. ಬಾ" ಎಂದರಂತೆ. ಆ ವಾರ ಪ್ರತಿ ಇಂಜೆಕ್ಷನ್ನಿನ ಮುಂದೆಯೂ ಅವರು ಪಕ್ಕದಲ್ಲಿ ನಿಂತರು. ಮಾತಾಡಲಿಲ್ಲ. ಇವಳೇ ಗಟ್ಟಿಯಾಗಿ ರೋಗಿಯ ಹೆಸರು ಕೇಳಿ, ನಂಬರ್ ಓದಿ, ಔಷಧಿಯ ಹೆಸರು ಓದಿ ಆಮೇಲೆ ಕೊಡಬೇಕು. ವಾರದ ಕೊನೆಗೆ ಅದು ಉಸಿರಿನಷ್ಟು ಸಹಜವಾಯಿತು.

ಕಳೆದ ತಿಂಗಳು ಅವಳು ಮನೆಗೆ ಬಂದಿದ್ದಳು. ಈಗ ಅವಳೇ ಹೊಸಬರಿಗೆ 'ದೊಡ್ಡ ಸಿಸ್ಟರ್'. ಮಾತಿನ ನಡುವೆ ತಲೆ ತಗ್ಗಿಸಿ ಹೇಳಿದಳು: "ಮಾಮಿ, ಮೊನ್ನೆ ಒಬ್ಬ ಹೊಸ ಹುಡುಗಿ ಚಾರ್ಟು ತಪ್ಪು ಬರೆದಳು. ಕೆಲಸ ತುಂಬಾ ಇತ್ತು. ಎಲ್ಲರ ಮುಂದೆ ಕೂಗಿಬಿಟ್ಟೆ. ಕಾಲೇಜಿನಲ್ಲಿ ಏನು ಕಲಿತು ಬಂದಿದ್ದೀ ಎಂದು ಕೇಳಿಬಿಟ್ಟೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಜೆ ಹೋಗಿ ಕ್ಷಮೆ ಕೇಳಿದೆ. ನಾಳೆಯಿಂದ ಅವಳ ಡ್ಯೂಟಿ ನನ್ನ ಜೊತೆ" ಎಂದಳು.

ನನಗೆ ತಂಬಿಗೆ ಹಿಡಿದು ನಿಂತ ಆ ದಿನ ನೆನಪಾಯಿತು. ನನ್ನ ಕೈಯ ಮೇಲೆ ಕೈಯಿಟ್ಟ ಆ ವೃದ್ಧೆ ಈಗಿಲ್ಲ. ಅವರ ಮಯ್ಯಿತ್ತಿಗೆ ನೀರು ಹೊಯ್ದವರಲ್ಲಿ ನಾನೂ ಒಬ್ಬಳು. ಅಂದು ನನ್ನ ಪಕ್ಕದಲ್ಲಿ ಒಬ್ಬ ಹೊಸ ಹುಡುಗಿ ನಡುಗುತ್ತಾ ನಿಂತಿದ್ದಳು. ಮೊದಲು ನೀರಿನ ಬಿಸಿ ನೋಡಲು ನಾನು ಅವಳಿಗೆ ಹೇಳಿದೆ.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಈ ಕೆಲಸಕ್ಕೆ ಹೊರಟ ಮಗಳಿದ್ದರೆ ಇಂದು ರಾತ್ರಿ ಅವಳ ಪಕ್ಕ ಕುಳಿತು, "ಇವತ್ತು ವಾರ್ಡಿನಲ್ಲಿ ಏನಾಯಿತು?" ಎಂದು ಒಂದು ಮಾತು ಕೇಳಿ. ಮಾರ್ಕು ಕೇಳಬೇಡಿ, ಸಂಬಳ ಕೇಳಬೇಡಿ. ಅವಳು ಹೇಳುವುದನ್ನು ಪೂರ್ತಿ ಕೇಳಿ.